ಆರು ಮಂದಿ, ಎಂಟು ವಾರ: ತಂಡ ಕಟ್ಟಿಕೊಂಡು ನಡೆಯುವುದು ಹೇಗೆ?

"ದಿನಾ ಅರ್ಧ ತಾಸು ನಡೀರಿ" ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ನೀವೂ ಹುರುಪಿನಿಂದ ಹೊಸ ಬೂಟು ತಂದು ಮರುದಿನ ನಸುಕಿಗೇ ಹೊರಡುತ್ತೀರಿ. ಮೊದಲ ವಾರ ಚೆನ್ನಾಗಿಯೇ ಸಾಗುತ್ತದೆ. ಎರಡನೇ ವಾರ ಬೀಗರ ಮನೆಯ ಮದುವೆ, ಒಂದು ದಿನ ಮಳೆ, ಇನ್ನೊಂದು ದಿನ ಹೊಲಕ್ಕೆ ಆಳು ಕರೆಯುವ ಗಡಿಬಿಡಿ. ತಿಂಗಳು ತುಂಬುವ ಹೊತ್ತಿಗೆ ಬೂಟು ಪಡಸಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಹೀಗಾದವರೆಲ್ಲ ತಮ್ಮನ್ನು ತಾವೇ ಸೋಮಾರಿ ಎಂದು ಬೈದುಕೊಳ್ಳುತ್ತಾರೆ. ಬೈದುಕೊಳ್ಳುವ ಅಗತ್ಯವಿಲ್ಲ. ಒಬ್ಬರೇ ಹಿಡಿದ ರೂಢಿ ತಪ್ಪಿದರೆ "ಯಾಕ ಬರಲಿಲ್ಲ?" ಎಂದು ಕೇಳುವವರು ಇರುವುದಿಲ್ಲ. ಆ ಕೇಳುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದೇ ತಂಡದ ನಡಿಗೆ.

"ಹೊಲಮನಿ ಕೆಲಸ ಮಾಡೋ ನಮಗ ವಾಕಿಂಗ್ ಯಾಕ?" ಎಂಬ ಮಾತು ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆ ಎಲ್ಲರ ಬಾಯಲ್ಲೂ ಇದೆ. ಹೆದ್ದಾರಿ ಪಕ್ಕದ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ನೋಡಿದವರಿಗೆ ಇದರ ಉತ್ತರ ಅಲ್ಲೇ ಸಿಕ್ಕಿರಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಮತ್ತು ಅವರ ಸಂಗಡಿಗರು ಅಲ್ಲಿ ಹಿಂದಿನ ಕಾಲದ ಹಳ್ಳಿಯನ್ನೇ ಆಳೆತ್ತರದ ಶಿಲ್ಪಗಳಲ್ಲಿ ಕಟ್ಟಿದ್ದಾರೆ. ಆ ಹಳ್ಳಿಯ ಜನರ ಮೈಗೆ ಬಿಡುವೇ ಇಲ್ಲ. ಅಂದು ಮೈ ಮಾಡುತ್ತಿದ್ದ ಕೆಲಸವನ್ನು ಈಗ ಟ್ರ್ಯಾಕ್ಟರು, ಗಿರಣಿ, ಬೋರ್‌ವೆಲ್ಲು, ಬೈಕು ಮಾಡುತ್ತಿವೆ. ಬಿತ್ತನೆ, ಸುಗ್ಗಿಯಲ್ಲಿ ನಡು ಮುರಿಯುವಷ್ಟು ದುಡಿಮೆ. ಉಳಿದ ತಿಂಗಳು ಕಟ್ಟೆ, ಅಂಗಡಿ, ಟಿವಿ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ಶಾರೀರಿಕ ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ. 57. ಮನೆಗೆಲಸದಲ್ಲಿ ದಿನವಿಡೀ ಸವೆಯುವ ಹೆಂಗಸರದ್ದೇ ಹೆಚ್ಚು ಎನ್ನುವುದನ್ನು ಗಮನಿಸಿ. ದಣಿವು ಬೇರೆ, ಎದೆಬಡಿತ ಏರುವಂಥ ಸತತ ಚಲನೆ ಬೇರೆ.

ತಂಡ ಯಾಕೆ ಬೇಕು?

ನಮ್ಮ ಕಡೆಯವರಿಗೆ ಗುಂಪಾಗಿ ನಡೆಯುವುದು ಹೊಸದೇನಲ್ಲ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವ ದಿಂಡಿಗಳನ್ನು ನೆನೆಯಿರಿ. ಪತಾಕೆ ಹಿಡಿದವರು ಮುಂದೆ, ವೀಣೆ ಹೊತ್ತವರೊಬ್ಬರು, ತಾಳ-ಮೃದಂಗದವರು, ಹಿಂದೆ ಸಾಲುಗಟ್ಟಿದ ಭಕ್ತರು. ಯುಗಾದಿಗೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯೂ ಹಾಗೆಯೇ. ಮನೆಯಲ್ಲಿ ಎರಡು ಫರ್ಲಾಂಗಿಗೂ ಬೈಕು ಹತ್ತುವವರು ಅಲ್ಲಿ ದಿನವಿಡೀ ನಡೆಯುತ್ತಾರೆ. ಭಕ್ತಿ ದೊಡ್ಡ ಕಾರಣ, ನಿಜ. ಅದರ ಜತೆಗೆ ಇನ್ನೂ ಮೂರು ಸಂಗತಿಗಳಿವೆ: ಹೊರಡುವ ಹೊತ್ತು ಮೊದಲೇ ನಿಗದಿಯಾಗಿರುತ್ತದೆ, ಮುಟ್ಟಬೇಕಾದ ಊರು ಕಣ್ಣ ಮುಂದಿರುತ್ತದೆ, ಹಿಂದೆ ಬಿದ್ದವರಿಗಾಗಿ ಕಾಯುವವರಿರುತ್ತಾರೆ. ದಿನದ ನಡಿಗೆಗೂ ಈ ಮೂರನ್ನು ತಂದುಕೊಳ್ಳಬಹುದು.

ಇದರ ಲಾಭ ಅಳೆದು ನೋಡಿದ್ದೂ ಇದೆ. 14 ದೇಶಗಳ 42 ಅಧ್ಯಯನಗಳನ್ನು ಒಟ್ಟುಗೂಡಿಸಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ನಡಿಗೆ ಗುಂಪು ಸೇರಿದವರಲ್ಲಿ ಮೇಲಿನ ರಕ್ತದೊತ್ತಡ ಸರಾಸರಿ 3.7ರಷ್ಟು ಇಳಿದಿತ್ತು; ದೇಹದ ಕೊಬ್ಬು, ಕೊಲೆಸ್ಟರಾಲ್, ಖಿನ್ನತೆಯ ಲಕ್ಷಣಗಳೂ ತಗ್ಗಿದ್ದವು. ಹೇಳಿಕೊಳ್ಳುವಂಥ ತೊಂದರೆ ಯಾವ ಗುಂಪಿನಲ್ಲೂ ಆಗಿರಲಿಲ್ಲ. ಇಷ್ಟು ಸಣ್ಣ ಇಳಿಕೆಯಿಂದ ಏನಾಗುತ್ತದೆ ಎನ್ನಬೇಡಿ. ಊರಿಗೆ ಊರೇ ಅಷ್ಟು ಇಳಿಸಿಕೊಂಡರೆ ಲಕ್ವ, ಹೃದಯಾಘಾತಗಳ ಲೆಕ್ಕವೇ ಬದಲಾಗುತ್ತದೆ.

ನಾನು ಸೂಚಿಸುವ ಮಾದರಿ ಅಮೆರಿಕದ ಕಾನ್ಸಾಸ್ ರಾಜ್ಯದ್ದು. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ವಿಭಾಗ ನಡೆಸುವ 'ವಾಕ್ ಕಾನ್ಸಾಸ್' ಕಾರ್ಯಕ್ರಮದಲ್ಲಿ ಆರು ಮಂದಿಯ ತಂಡ ಎಂಟು ವಾರ ನಡೆಯುತ್ತದೆ. ಯಾರೂ ಊರು ಬಿಟ್ಟು ಹೋಗುವುದಿಲ್ಲ. ಎಲ್ಲರೂ ತಂತಮ್ಮ ಊರಲ್ಲೇ ನಡೆದು ಆ ಲೆಕ್ಕ ಕೂಡಿಸುತ್ತಾ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ 423 ಮೈಲಿ, ಅಂದರೆ ಸುಮಾರು 680 ಕಿ.ಮೀ. ದಾರಿಯನ್ನು ನಕಾಶೆಯ ಮೇಲೆ ದಾಟುತ್ತಾರೆ. ರೈತರಿಗೆ ಬೀಜ, ಗೊಬ್ಬರದ ಮಾಹಿತಿ ಕೊಡುವವರೇ ಇದನ್ನೂ ನಡೆಸುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮಲ್ಲೂ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಹೀಗೆ ಯೋಚಿಸಬಹುದು. ಅಲ್ಲಿಯವರೆಗೆ ನಾವೇ ಮಾಡಿಕೊಳ್ಳೋಣ.

ನಮ್ಮ ಲೆಕ್ಕ ಹೀಗೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಪ್ರಮಾಣದ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಆರು ಮಂದಿ, ವಾರಕ್ಕೆ 150 ನಿಮಿಷ, ಎಂಟು ವಾರ: ಒಟ್ಟು 7,200 ನಿಮಿಷ. 12 ನಿಮಿಷಕ್ಕೆ ಒಂದು ಕಿಲೋಮೀಟರ್ ಎಂದು ಹಿಡಿದರೆ 600 ಕಿ.ಮೀ. ಶಿಗ್ಗಾವಿಯಿಂದ ಬೆಂಗಳೂರು ಹೆದ್ದಾರಿಯಲ್ಲಿ 370 ಕಿ.ಮೀ. ಆಸುಪಾಸು. ಅಂದರೆ ನಿಮ್ಮ ತಂಡ ಬೆಂಗಳೂರು ಮುಟ್ಟಿ, ತಿರುಗಿ ಚಿತ್ರದುರ್ಗವನ್ನೂ ದಾಟಿರುತ್ತದೆ.

ಸೇರುವುದು, ಕಟ್ಟುವುದು, ನಡೆಯುವುದು

1. ಮೊದಲು ತಪಾಸಣೆ. 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಆರೂ ಮಂದಿ ಒಂದೇ ದಿನ ಹೋಗಿ ಬನ್ನಿ. ದಾರಿ ಗೊತ್ತಿಲ್ಲದಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಬಿ.ಪಿ., ಸಕ್ಕರೆ, ತೂಕ, ಹೊಕ್ಕುಳ ಮಟ್ಟದ ಸೊಂಟದ ಸುತ್ತಳತೆ, ಈ ನಾಲ್ಕನ್ನು ಬರೆದಿಡಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ ಸೊಂಟ ಎಚ್ಚರಿಕೆಯ ಗೆರೆ. ಈ ಅಂಕಿಗಳು ಅವರವರ ಹತ್ತಿರವೇ ಇರಲಿ, ತಂಡದ ಗ್ರೂಪಿನಲ್ಲಿ ಹಾಕುವುದು ಬೇಡ.

2. ತಂಡದಲ್ಲಿ ಯಾರಿರಬೇಕು? ಆರು ಮಂದಿ ಸಾಕು. ಇಪ್ಪತ್ತು ಜನರ ಗುಂಪಿನಲ್ಲಿ ಒಬ್ಬರು ತಪ್ಪಿಸಿಕೊಂಡರೆ ಗೊತ್ತೇ ಆಗುವುದಿಲ್ಲ. ಆರು ಜನರಲ್ಲಿ ಒಬ್ಬರು ಬರದಿದ್ದರೆ ಜಾಗ ಖಾಲಿ ಕಾಣುತ್ತದೆ. ಒಂದೇ ಓಣಿಯವರು ಇರಲಿ, ಏಳುವ ಹೊತ್ತು ಹೊಂದುವವರಿರಲಿ. ಹೆಂಗಸರಿಗೆ ಈಗಾಗಲೇ ಸಿದ್ಧವಾಗಿರುವ ತಂಡವೆಂದರೆ ಸ್ವಸಹಾಯ ಸಂಘ. ವಾರಕ್ಕೊಮ್ಮೆ ಸೇರಿ ಉಳಿತಾಯದ ಲೆಕ್ಕ ಬರೆಯುವ ಸಂಘಕ್ಕೆ ನಡಿಗೆಯ ಲೆಕ್ಕ ಬರೆಯುವುದು ಕಷ್ಟವೇ ಅಲ್ಲ. ಅತ್ತೆ-ಸೊಸೆ ಒಂದೇ ತಂಡದಲ್ಲಿ ಇರಬಹುದೇ ಎಂದರೆ, ಇರಬಹುದು. ಆದರೆ ಮನೆಯ ಮಾತು ದಾರಿಗೆ ಬರಬಾರದು ಎಂದು ಮೊದಲೇ ಮಾತಾಗಲಿ.

ಆಗಲೇ ನಡೆಯುತ್ತಿರುವ ತಂಡಕ್ಕೆ ಸೇರುವವರು ಮೂರು ಪ್ರಶ್ನೆ ಕೇಳಿ: ಎಷ್ಟು ಹೊತ್ತಿಗೆ, ಎಲ್ಲಿಂದ ಹೊರಡುತ್ತೀರಿ? ನಿಧಾನ ನಡೆಯುವವರ ಜತೆ ಯಾರು ಇರುತ್ತಾರೆ? ಬರಲಾಗದ ದಿನ ಯಾರಿಗೆ ಹೇಳಬೇಕು? ಎರಡನೆಯದಕ್ಕೆ ಸರಿಯಾದ ಉತ್ತರ ಬರದಿದ್ದರೆ ಬೇರೆ ತಂಡ ನೋಡಿ. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಿ ನಡಿಗೆದಾರರ ಸಂಘಗಳೇ ಇವೆ. ನಮ್ಮಂಥ ಊರುಗಳಲ್ಲಿ ಹೆಸರಿಲ್ಲದ ಗುಂಪುಗಳು ಹೈಸ್ಕೂಲು ಮೈದಾನದಲ್ಲೋ ಎಪಿಎಂಸಿ ಪ್ರಾಂಗಣದಲ್ಲೋ ಸಿಕ್ಕೇ ಸಿಗುತ್ತವೆ.

3. ಮುಂದಾಳು ಒಬ್ಬರಿರಲಿ. ಅತಿ ವೇಗವಾಗಿ ನಡೆಯುವವರನ್ನು ಮುಂದಾಳು ಮಾಡಬೇಡಿ. ಎಲ್ಲರ ಬಾಗಿಲಿನ ಮುಂದೆ ನಿಂತು "ಅಕ್ಕಾರ, ಬರ್ರಿ, ಹೊತ್ತಾತು" ಎಂದು ಸಲಿಗೆಯಿಂದ ಕರೆಯಬಲ್ಲವರು ಆ ಕೆಲಸಕ್ಕೆ ತಕ್ಕವರು. ಬಾರದವರ ಮೇಲೆ ಸಿಟ್ಟಾಗದೆ, ಮಧ್ಯಾಹ್ನ ಒಂದು ಫೋನ್ ಮಾಡಿ "ಆರಾಮ ಅದೀರಿ?" ಎಂದು ಕೇಳುವುದೇ ಮುಂದಾಳಿನ ನಿಜವಾದ ಕೆಲಸ.

4. ಹೆಜ್ಜೆ ಬಿಟ್ಟು ನಿಮಿಷ ಎಣಿಸಿ. ಮೊಬೈಲಿನ ಹೆಜ್ಜೆ ಲೆಕ್ಕ ಮೊಬೈಲು ಜೇಬಿನಲ್ಲಿದ್ದಾಗ ಮಾತ್ರ ಓಡುತ್ತದೆ. ಫೋನು ಮನೆಯಲ್ಲಿಟ್ಟು ಹೊರಡುವ ಅವ್ವಂದಿರ ನಡಿಗೆ ಅದಕ್ಕೆ ಕಾಣುವುದೇ ಇಲ್ಲ. ದಿನಕ್ಕೆ 10,000 ಹೆಜ್ಜೆ ಎಂಬ ಅಂಕಿಯೂ ವೈದ್ಯರು ಹೇಳಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಹಬ್ಬಿದ್ದು. ಹಾಗಾಗಿ ತಂಡಕ್ಕೆ ಒಂದೇ ನಿಯಮ: ಯಾರೇ ನಡೆಯಲಿ, 12 ನಿಮಿಷಕ್ಕೆ ಒಂದು ಕಿಲೋಮೀಟರ್. ಮೊಣಕಾಲು ಹಿಡಿದುಕೊಂಡು ನಡೆಯುವ ಅಜ್ಜಿಯ 12 ನಿಮಿಷವೂ ಒಂದೇ, ಪೊಲೀಸ್ ಭರ್ತಿಗೆ ತಯಾರಾಗುವ ಮೊಮ್ಮಗನ 12 ನಿಮಿಷವೂ ಒಂದೇ. ಈ ಒಂದು ನಿಯಮ ಇಲ್ಲದಿದ್ದರೆ ಮೂರನೇ ವಾರಕ್ಕೆ ತಂಡದಲ್ಲಿ ಬಿರುಸಿನವರು ಮಾತ್ರ ಉಳಿಯುತ್ತಾರೆ, ನಡಿಗೆ ನಿಜವಾಗಿ ಬೇಕಾದವರು ಮನೆ ಸೇರುತ್ತಾರೆ.

ಇನ್ನೊಂದು ಮಿತಿ ಹಾಕಿಕೊಳ್ಳಿ. ಒಬ್ಬರ ಖಾತೆಗೆ ದಿನಕ್ಕೆ 60 ನಿಮಿಷಕ್ಕಿಂತ ಹೆಚ್ಚು ಸೇರಿಸಬಾರದು. ಇಲ್ಲವಾದರೆ ಭಾನುವಾರ ಒಬ್ಬರೇ ನಾಲ್ಕು ತಾಸು ನಡೆದು ವಾರದ ಲೆಕ್ಕ ಮುಗಿಸಿ, ಸೋಮವಾರ ಕಾಲು ಎತ್ತಲಾರದೆ ಮಲಗುತ್ತಾರೆ.

5. ವೇಗ ಎಷ್ಟಿರಬೇಕು? ಪಕ್ಕದವರ ಜತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಧ್ಯಮ ವೇಗ ಎಂದರೆ ಅದು. ಎಣಿಸುವುದಾದರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ. ರೂಢಿ ಇಲ್ಲದವರು ಮೊದಲ ವಾರ ದಿನಕ್ಕೆ 10-15 ನಿಮಿಷ ನಡೆದರೆ ಸಾಕು. ವಾರಕ್ಕೆ ಐದು ನಿಮಿಷದಂತೆ ಏರಿಸಿದರೆ ಐದನೇ ವಾರದ ಹೊತ್ತಿಗೆ ಅರ್ಧ ತಾಸಿಗೆ ಬರುತ್ತೀರಿ. ಆರಂಭದ ಕೊರತೆಯನ್ನು ಕೊನೆಯ ವಾರಗಳಲ್ಲಿ ತಂಡವೆಲ್ಲ ಸೇರಿ ತುಂಬಿಕೊಂಡರಾಯಿತು. ಅರ್ಧ ತಾಸನ್ನು ಒಂದೇ ಸಲಕ್ಕೆ ನಡೆಯಬೇಕೆಂದೇನೂ ಇಲ್ಲ. ಊಟವಾದ ಮೇಲೆ 10-15 ನಿಮಿಷ ನಿಧಾನವಾಗಿ ನಡೆಯುವುದು ಸಕ್ಕರೆ ಕಾಯಿಲೆ ಇರುವವರಿಗಂತೂ ವಿಶೇಷ ಅನುಕೂಲ: ಕೆಲಸ ಮಾಡುವ ಸ್ನಾಯುಗಳು ರಕ್ತದಲ್ಲಿ ಏರುತ್ತಿರುವ ಸಕ್ಕರೆಯನ್ನು ಆಗಲೇ ಬಳಸಿಕೊಳ್ಳುತ್ತವೆ.

6. ನಡಿಗೆಯೊಂದೇ ಅಲ್ಲ. ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದರ ಅಂಗಳದ ಊರಿನವರಿಗೆ ವ್ಯಾಯಾಮಕ್ಕೆ ಜಿಮ್ ಹುಡುಕುವ ಅಗತ್ಯವಿಲ್ಲ. ಡೊಳ್ಳು ಕುಣಿತದ ತಾಲೀಮು ನೋಡಿ: ಹೆಗಲಿಗೆ ಭಾರ, ಮಂಡಿ ಬಾಗಿ ಏಳುವುದು, ತೋಳಿನ ಬೀಸು, ಒಂದೇ ಸಮನೆ ಏರುವ ಉಸಿರು. ಇದು ತೀವ್ರ ಚಟುವಟಿಕೆ. ಇದರ ಒಂದು ನಿಮಿಷವನ್ನು ನಡಿಗೆಯ ಎರಡು ನಿಮಿಷ ಎಂದು ಹಿಡಿಯಬಹುದು. ಕೋಲಾಟವನ್ನು ನಡಿಗೆಗೆ ಸಮ ಎನ್ನಿ. ಭಜನಾ ಮೇಳ, ಕೋಲಾಟದ ತಂಡಗಳು ತಮ್ಮ ತಾಲೀಮನ್ನೇ ಖಾತೆಗೆ ಸೇರಿಸಿಕೊಳ್ಳಲಿ, ಆದರೆ ಕೂತು ಹಾಡಿದ್ದನ್ನು ಸೇರಿಸಬಾರದು! ಇದರ ಜತೆ ವಾರಕ್ಕೆ ಎರಡು ದಿನ ಸ್ನಾಯು ಬಲಿಸುವ ವ್ಯಾಯಾಮ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂಡುವುದು, ಗೋಡೆಗೆ ಅಂಗೈ ಇಟ್ಟು ಮೈ ತಳ್ಳುವುದು, ಇವಿಷ್ಟರಿಂದ ಶುರು ಮಾಡಬಹುದು.

7. ದಾರಿ. ರಾಷ್ಟ್ರೀಯ ಹೆದ್ದಾರಿ 48 ನಿಮ್ಮ ಊರಿಗೆ ತಾಗಿಕೊಂಡೇ ಇರಬಹುದು, ಆದರೆ ಅದು ನಡಿಗೆಯ ದಾರಿಯಲ್ಲ. ದಿನಾ ಅದನ್ನು ದಾಟಬೇಕಾದ ದಾರಿಯೂ ಬೇಡ. ಶಾಲೆಯ ಮೈದಾನ, ಕೆರೆ ಏರಿ, ಹೊಲದ ಬಂಡಿದಾರಿ ಒಳ್ಳೆಯವು. ಕಾಲೇಜು, ವಿಶ್ವವಿದ್ಯಾಲಯದ ಆವರಣವಾದರೆ ಮೊದಲೇ ಅನುಮತಿ ಕೇಳಿಕೊಳ್ಳಿ. ಹಾನಗಲ್ಲ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ, ಅಂಥ ದಿನಗಳಲ್ಲಿ ಕಲ್ಯಾಣ ಮಂಟಪ, ಶಾಲೆಯ ವರಾಂಡ, ಗುಡಿಯ ಪ್ರದಕ್ಷಿಣೆಯ ದಾರಿಯೂ ಆದೀತು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಬೇರೆ ಊರಿಗೆ ಹೋಗಿ ನಡೆದು ಬನ್ನಿ: ಕನಕದಾಸರ ಬಾಡ, ಶರೀಫರ ಶಿಶುವಿನಹಾಳ, ನವಿಲುಗಳಿರುವ ಬಂಕಾಪುರ ಕೋಟೆ, ಹಾನಗಲ್ಲಿನ ತಾರಕೇಶ್ವರ ಗುಡಿ, ಸವಣೂರಿನ ದೊಡ್ಡಹುಣಸೆ ಮರ. ಆ ದಿನ ಮಕ್ಕಳನ್ನೂ ಕರೆದೊಯ್ಯಿರಿ.

8. ಲೆಕ್ಕದ ಹಾಳೆ. ಡ್ರಾಯಿಂಗ್ ಶೀಟಿನ ಮೇಲೆ ಹೆದ್ದಾರಿಯ ಗೆರೆ ಎಳೆದು ಬಂಕಾಪುರ, ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ಬೆಂಗಳೂರು ಎಂದು ಬರೆಯಿರಿ. ಅದನ್ನು ಎಲ್ಲರೂ ಓಡಾಡುವ ಕಡೆ ಅಂಟಿಸಿ: ಅಂಗನವಾಡಿ, ಹಾಲಿನ ಡೇರಿ, ಪಂಚಾಯಿತಿ ಕಟ್ಟೆ. ಭಾನುವಾರ ಸಂಜೆ ಎಲ್ಲರ ನಿಮಿಷ ಕೂಡಿಸಿ 12ರಿಂದ ಭಾಗಿಸಿ ಗುರುತು ಮುಂದಕ್ಕೆ ಹಾಕಿ. ವಾಟ್ಸಾಪ್ ಗ್ರೂಪು ಇರಲಿ, ಆದರೆ ಗೋಡೆಯ ಹಾಳೆಯನ್ನು ಬಿಡಬೇಡಿ. ಹಾಲು ಹಾಕಲು ಬಂದವರು "ನಿಮ್ಮವರು ಹರಿಹರ ದಾಟಿದ್ರೇನು?" ಎಂದು ಕೇಳುವ ಮಾತಿಗೆ ಗ್ರೂಪಿನ ಹೆಬ್ಬೆರಳ ಚಿತ್ರ ಸಮನಾಗಲಾರದು.

ತಟ್ಟೆ ಮತ್ತು ಕಪ್ಪು

ಊಟ ಪೂರ್ತಿ ಬದಲಿಸುವ ಹಟ ಬೇಡ. ಜೋಳದ ರೊಟ್ಟಿ, ಕಾಳು ಪಲ್ಯೆ, ಮೊಸರು, ಹಕ್ಕರಿಕೆ, ಮೆಂತ್ಯ ತಪ್ಪಲು, ಸೌತೆಕಾಯಿ, ಉಳ್ಳಾಗಡ್ಡಿ ಇರುವ ನಮ್ಮ ಊಟ ಮೊದಲೇ ಒಳ್ಳೆಯದು. ಅದರ ಸುತ್ತ ಸೇರಿಕೊಂಡಿರುವುದನ್ನು ಕಡಿಮೆ ಮಾಡಬೇಕು. ತಂಡ ವಾರಕ್ಕೆ ಒಂದೇ ಬದಲಾವಣೆ ಆರಿಸಿಕೊಳ್ಳಲಿ.

ಚಹಾದಿಂದ ಶುರು ಮಾಡಿ. ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಕಪ್ಪು ಎಂದರೆ ಹತ್ತು ಚಮಚ: 40ರಿಂದ 50 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಮ್ಮೆಲೇ ಬಿಟ್ಟರೆ ಮರುವಾರ ಮತ್ತೆ ಶುರುವಾಗುತ್ತದೆ. ಮೊದಲ ವಾರ ಒಂದೂವರೆ ಚಮಚ, ಮುಂದಿನ ವಾರ ಒಂದು, ಹೀಗೆ ಇಳಿಸಿ. ನಾಲಿಗೆ ಹೊಂದಿಕೊಳ್ಳುತ್ತದೆ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಸವಣೂರು ಖಾರಾದ ಉಪ್ಪೂ ಇದೇ ಲೆಕ್ಕಕ್ಕೆ ಬರುತ್ತದೆ. ನಡಿಗೆ ಮುಗಿಸಿ ಎಲ್ಲರೂ ಸೇರಿ ಹೊಟೇಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿನ್ನುವ ರೂಢಿಯನ್ನು ಮೊದಲ ದಿನವೇ ಹಾಕಿಕೊಳ್ಳಬೇಡಿ, ಆಮೇಲೆ ಬಿಡಿಸುವುದು ಬಲು ಕಷ್ಟ. ಗುಟ್ಕಾ, ತಂಬಾಕು ಹಾಕುವವರಿದ್ದರೆ ನಡಿಗೆಯ ಹೊತ್ತಿನಲ್ಲಾದರೂ ಬಾಯಿ ಖಾಲಿ ಇರಲಿ ಎಂಬುದನ್ನು ತಂಡದ ನಿಯಮ ಮಾಡಿ.

ಎಚ್ಚರಿಕೆ

ಎದೆ ಹಿಡಿದಂತಾಗುವುದು, ನೋವು ದವಡೆಗೋ ಎಡಗೈಗೋ ಹಬ್ಬುವುದು, ತಲೆ ಸುತ್ತು, ಅಸಾಮಾನ್ಯ ಏದುಸಿರು, ತಣ್ಣನೆ ಬೆವರು: ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕೂಡಿಸಿ, 108ಕ್ಕೆ ಫೋನ್ ಮಾಡಿ. "ಗ್ಯಾಸ್ ಆಗಿರಬೇಕು" ಎಂದು ಮನೆಗೆ ನಡೆಸಿಕೊಂಡು ಹೋಗಬೇಡಿ. ಈ ಒಂದು ಮಾತನ್ನು ತಂಡದ ಪ್ರತಿಯೊಬ್ಬರೂ ಬಾಯಿಪಾಠ ಮಾಡಿರಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಬಹಳ ಹೊತ್ತು ನಡೆಯಬಾರದು. ಜೇಬಿನಲ್ಲಿ ಬೆಲ್ಲ ಅಥವಾ ಸಕ್ಕರೆಯ ಪೊಟ್ಟಣ ಇರಲಿ. ಕೈ ನಡುಗಿ ಬೆವರು ಬಂದರೆ ತಕ್ಷಣ ತಿನ್ನಿ. ಮನೆಗೆ ಬಂದ ಮೇಲೆ ಅಂಗಾಲು ನೋಡಿಕೊಳ್ಳಿ, ಸ್ಪರ್ಶ ಕಡಿಮೆಯಾದ ಕಾಲಿಗೆ ಬೊಕ್ಕೆ ಎದ್ದದ್ದು ಗೊತ್ತಾಗುವುದಿಲ್ಲ. ಹೃದಯದ ಕಾಯಿಲೆ ಇರುವವರು, ಗರ್ಭಿಣಿಯರು, ಈಚೆಗೆ ಆಪರೇಶನ್ ಆದವರು ವೈದ್ಯರನ್ನು ಕೇಳಿಯೇ ಸೇರಲಿ.

ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ನಸುಕಿನಲ್ಲಿ ಟಾರ್ಚು, ತಿಳಿ ಬಣ್ಣದ ಬಟ್ಟೆ ಬೇಕೇ ಬೇಕು: ಕೆರೆ ಏರಿಯ ಹುಲ್ಲಿನಲ್ಲಿ ಹಾವುಗಳಿರುತ್ತವೆ, ರಸ್ತೆಯಲ್ಲಿ ವಾಹನದವರಿಗೆ ನೀವು ಕಾಣಬೇಕು. ಪಾದಚಾರಿ ಕಟ್ಟೆ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತಂಡಗಳ ನಡುವೆ ಪಂದ್ಯ ಹಚ್ಚುವುದು. ಮೊದಲ ಬಹುಮಾನ ಎಂದೊಡನೆ ಸುಳ್ಳು ಲೆಕ್ಕ ಶುರುವಾಗುತ್ತದೆ, ಕಾಲುನೋವಿನವರು ಭಾರವಾಗಿ ಕಾಣತೊಡಗುತ್ತಾರೆ. ಗುರಿ ಮುಟ್ಟಿದ ಎಲ್ಲ ತಂಡಕ್ಕೂ ಸಮ ಗೌರವ ಇರಲಿ.

ತೂಕ ಇಳಿಯಲಿಲ್ಲ ಎಂದು ಬಿಡುವುದು. ಬರೀ ನಡಿಗೆಯಿಂದ ಎಂಟು ವಾರದಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ. ನಿದ್ದೆ, ಉಸಿರು, ಸೊಂಟದ ಪಟ್ಟಿಯ ರಂಧ್ರ, ಬಿ.ಪಿ. ಇವು ಮೊದಲು ಸುಧಾರಿಸುತ್ತವೆ.

ಬಿ.ಪಿ. ಇಳಿದಿದೆ ಎಂದು ಮಾತ್ರೆ ತಾವೇ ನಿಲ್ಲಿಸುವುದು. ಇದು ಎಲ್ಲಕ್ಕಿಂತ ಅಪಾಯದ ತಪ್ಪು. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರಿಗೆ ಬಿಟ್ಟದ್ದು.

ಸವೆದ ಹವಾಯಿ ಚಪ್ಪಲಿಯಲ್ಲಿ ನಡೆಯುವುದು. ದುಬಾರಿ ಬೂಟು ಬೇಡ. ಹಿಮ್ಮಡಿ ಹಿಡಿದುಕೊಳ್ಳುವ, ಅಟ್ಟೆ ಮೆತ್ತಗಿರುವ ಕ್ಯಾನ್ವಾಸ್ ಬೂಟು ಸಾಕು. ಸೀರೆ ಉಟ್ಟು ನಡೆಯುವವರು ನೆರಿಗೆಯನ್ನು ಒಂದು ಅಂಗುಲ ಮೇಲಕ್ಕೆ ಕಟ್ಟಿಕೊಂಡರೆ ಎಡವುವುದಿಲ್ಲ.

ಒಂದು ವಾರ ತಪ್ಪಿತೆಂದು ನಾಚಿ ದೂರ ಉಳಿಯುವುದು. ಸುಗ್ಗಿ, ಜಾತ್ರೆ, ಬಾಣಂತನ, ಸೂತಕ ಎಲ್ಲರ ಮನೆಯಲ್ಲೂ ಇರುತ್ತವೆ. ಅದಕ್ಕೇ ಎಂಟು ವಾರದಲ್ಲಿ ಪ್ರತಿಯೊಬ್ಬರಿಗೂ ಒಂದು ವಾರದ ರಜೆಯನ್ನು ತಂಡ ಮೊದಲೇ ಕೊಟ್ಟುಬಿಡಲಿ. ಆ ವಾರದ 150 ನಿಮಿಷವನ್ನು ಉಳಿದ ಐವರು ತಲಾ 30 ನಿಮಿಷ ಹೆಚ್ಚಿಗೆ ನಡೆದು ತುಂಬಬಹುದು.

ಎಂಟನೇ ವಾರ ಮುಗಿದೊಡನೆ ಮತ್ತೆ ಅದೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಮೊದಲ ದಿನದ ನಾಲ್ಕೂ ಅಳತೆ ಮತ್ತೊಮ್ಮೆ ತೆಗೆಸಿ ಪಕ್ಕದಲ್ಲೇ ಬರೆಯಿರಿ; ಬಿ.ಪಿ. 140/90 ದಾಟಿಯೇ ಇದ್ದರೆ ಆ ಚೀಟಿ ಹಿಡಿದು ವೈದ್ಯರನ್ನು ಕಾಣಿ. ಒಂದು ವಾರ ಬಿಡುವು ತೆಗೆದುಕೊಂಡು ಎರಡನೇ ಸುತ್ತಿಗೆ ಆರು ಮಂದಿ ಎರಡು ಪಾಲಾಗಿ, ಮೂವರು ಮೂವರಂತೆ ಹೊಸಬರನ್ನು ಸೇರಿಸಿಕೊಂಡು ಎರಡು ತಂಡ ಕಟ್ಟಿ. ಆಗ ಹೊಸಬರಿಗೆ ದಾರಿ ಗೊತ್ತಿರುವವರು ಜತೆಗಿರುತ್ತಾರೆ. ಹೊಸ ಹಾಳೆಗೆ ಯಾವ ದಾರಿ ಬರೆಯಬೇಕೆಂಬುದನ್ನು, ಪಂಢರಪುರವೋ ಶ್ರೀಶೈಲವೋ, ಹಿಂದಿನ ಸುತ್ತಿನಲ್ಲಿ ಅತಿ ನಿಧಾನ ನಡೆದವರು ಹೇಳಲಿ.